ದಿನ ಹುಡುಕಬೇಡಿ, ಎತ್ತರ ಹುಡುಕಿ: ಬ್ಲೂ ರಿಡ್ಜ್ ಬೆಟ್ಟಗಳಲ್ಲಿ ಹಣ್ಣೆಲೆಯ ಜಾಡು

ಪ್ರಶ್ನೆ: ನಾವು ಉತ್ತರ ಕ್ಯಾರೊಲಿನಾದ ರಾಲಿ ನಗರದ ಹತ್ತಿರ ಇದ್ದೇವೆ. ದಸರಾ ಸಮಯದ ಒಂದು ವಾರಾಂತ್ಯ ಬ್ಲೂ ರಿಡ್ಜ್ ಬೆಟ್ಟಗಳಿಗೆ ಎಲೆಗಳ ಬಣ್ಣ ನೋಡಲು ಹೋಗುವುದು ನಮ್ಮ ಮನೆಯ ರೂಢಿ. 2023ರಲ್ಲಿ ಕ್ರ್ಯಾಗಿ ಗಾರ್ಡನ್ಸ್‌ಗೆ ಹೋದಾಗ ಮರಗಳೆಲ್ಲ ಬೋಳಾಗಿದ್ದವು. 2024ರಲ್ಲಿ ಚಂಡಮಾರುತದಿಂದಾಗಿ ಹೋಗಲಾಗಲಿಲ್ಲ. 2025ರಲ್ಲಿ ಆ್ಯಶ್‌ವಿಲ್‌ನಲ್ಲೇ ಉಳಿದುಕೊಂಡೆವು. ಸುತ್ತ ಎಲ್ಲವೂ ಹಸಿರು. ಹೊರಡುವ ಮುನ್ನ ಮೊಬೈಲ್‌ನಲ್ಲಿ ಬಣ್ಣದ ನಕ್ಷೆ ನೋಡಿಕೊಂಡೇ ಹೋಗಿದ್ದೆವು. ನಾಲ್ಕು ಗಂಟೆ ಕಾರು ಓಡಿಸಿ ನಿರಾಸೆಯಿಂದ ಮರಳುವುದು ಬೇಸರ ತಂದಿದೆ. ಮಳೆ ಹೆಚ್ಚಾದರೆ ಬಣ್ಣ ಕೆಡುತ್ತದೆಯೇ? ಭೂಮಿ ಬಿಸಿಯಾಗುತ್ತಿರುವುದೇ ಇದಕ್ಕೆಲ್ಲ ಕಾರಣವೇ? ಏಳನೇ ತರಗತಿಯ ಮಗಳು, ‘ಬಣ್ಣ ಎಲ್ಲಿಗೆ ಬಂತು ಎಂದು ನಾವೇ ಲೆಕ್ಕ ಇಡಬಹುದಲ್ಲ’ ಎನ್ನುತ್ತಿದ್ದಾಳೆ. ಅದು ಸಾಧ್ಯವೇ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಪಂಚಾಂಗ ತೆಗೆದು ನೋಡಿದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂದಿತ್ತು, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ. ಎರಡೇ ವರ್ಷಗಳಲ್ಲಿ ಹಬ್ಬ 22 ದಿನ ಹಿಂದಕ್ಕೆ ಸರಿದಿದೆ. ಹಬ್ಬ ನಡೆಯುವುದು ಚಂದ್ರನ ಲೆಕ್ಕದಲ್ಲಿ, ಮರ ನಡೆಯುವುದು ಸೂರ್ಯನ ಲೆಕ್ಕದಲ್ಲಿ. ಸುಮಾರು 5,500 ಅಡಿ ಎತ್ತರದ ಕ್ರ್ಯಾಗಿಯಲ್ಲಿ ಅಕ್ಟೋಬರ್ ಮೂರನೇ ವಾರಕ್ಕೆ ಎಲೆ ಉದುರಿ ಮುಗಿದಿರುತ್ತದೆ. ಸುಮಾರು 2,100 ಅಡಿಯ ಆ್ಯಶ್‌ವಿಲ್‌ನಲ್ಲಿ ಅಕ್ಟೋಬರ್ ಮೊದಲ ವಾರ ಇನ್ನೂ ಬೇಸಿಗೆಯ ಹಸಿರೇ. ತಡವಾಗಿ ಹಬ್ಬ ಬಂದ ವರ್ಷ ನೀವು ಶಿಖರಕ್ಕೆ ಹೋದಿರಿ, ಬೇಗ ಬಂದ ವರ್ಷ ಊರಿನಲ್ಲಿ ಉಳಿದಿರಿ. ಆ ಎರಡೂ ವಾರಗಳಲ್ಲಿ ಬೆಟ್ಟದ ಮೇಲೆ ಬಣ್ಣ ಇತ್ತು, ನೀವಿದ್ದ ಎತ್ತರದಲ್ಲಿ ಮಾತ್ರ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಎಂದು ಕೇಳಿಕೊಳ್ಳುತ್ತೇನೆ. ‘ಬಣ್ಣ ಯಾವ ದಿನ ಬರುತ್ತದೆ’ ಎಂದು ಕೇಳುವ ಬದಲು, ‘ನಾವು ಹೋಗುವ ದಿನ ಬಣ್ಣ ಯಾವ ಎತ್ತರದಲ್ಲಿರುತ್ತದೆ’ ಎಂದು ಕೇಳಿ. ರಜೆಯ ದಿನವನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಈ ಬೆಟ್ಟಸಾಲಿನಲ್ಲಿ ಒಂದೇ ದಿನದಲ್ಲಿ ನಾಲ್ಕು ಸಾವಿರ ಅಡಿ ಹತ್ತಿ ಇಳಿಯಬಹುದು. ಮಿಸಿಸಿಪಿ ನದಿಯ ಪೂರ್ವಕ್ಕೆ ಅತಿ ಎತ್ತರದ ಶಿಖರವಾದ ಮೌಂಟ್ ಮಿಚೆಲ್, 6,684 ಅಡಿ, ಇರುವುದು ಇಲ್ಲಿಯೇ. ಅದರ ನೆತ್ತಿಯಲ್ಲಿ ಸೆಪ್ಟೆಂಬರ್ ಕೊನೆಗೆ ಶುರುವಾದ ಬಣ್ಣ ತಪ್ಪಲಿನ ಕೊಳ್ಳಗಳಿಗೆ ತಲುಪುವಾಗ ನವೆಂಬರ್ ಬಂದಿರುತ್ತದೆ. ಐದಾರು ವಾರಗಳ ಈ ಇಳಿಜಾರಿನಲ್ಲಿ ಬಣ್ಣವಿಲ್ಲದ ವಾರವೇ ಇಲ್ಲ.

ಈಗ ಎಲೆಯ ಒಳಗಿನ ಸಂಗತಿ. ಇದನ್ನು ತಿಳಿದುಕೊಂಡರೆ ಮಳೆಯ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಕನ್ನಡದಲ್ಲಿ ನಾವು ‘ಎಲೆ ಹಣ್ಣಾಯಿತು’ ಎನ್ನುತ್ತೇವೆ, ಹಳದಿಯಾದದ್ದನ್ನು ‘ಹಣ್ಣೆಲೆ’ ಎನ್ನುತ್ತೇವೆ. ಸಸ್ಯಶಾಸ್ತ್ರ ಕಲಿಸುವ ನನಗೆ ಇದಕ್ಕಿಂತ ನಿಖರವಾದ ಪದ ಬೇರೆ ಸಿಕ್ಕಿಲ್ಲ. ಬಣ್ಣಗೊಂಡ ಎಲೆ ಸತ್ತ ಎಲೆಯಲ್ಲ. ಅದು ಮಾಗುತ್ತಿದೆ, ಕೆಲಸ ಮಾಡುತ್ತಿದೆ. ಹಗಲು ಕಿರಿದಾಗುತ್ತ ಬಂದಂತೆ ಮರ ತನ್ನ ಪತ್ರಹರಿತ್ತನ್ನು ಬಿಡಿಸಿ, ಎಲೆಯಲ್ಲಿರುವ ಸಾರಜನಕದ ದೊಡ್ಡ ಪಾಲನ್ನು ಕೊಂಬೆಗೆ, ಕಾಂಡಕ್ಕೆ, ಬೇರಿಗೆ ಸಾಗಿಸಿ ಕೂಡಿಟ್ಟುಕೊಳ್ಳುತ್ತದೆ. ಮುಂದಿನ ವಸಂತದ ಚಿಗುರಿಗೆ ಅದೇ ಗಂಟು. ಸಾಗಣೆ ಮುಗಿಯುತ್ತ ಬಂದಾಗ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ.

ಹಳದಿ ಮತ್ತು ಕಿತ್ತಳೆಗೆ ಕಾರಣವಾದ ಕ್ಯಾರೊಟಿನಾಯ್ಡ್‌ಗಳು ಬೇಸಿಗೆಯುದ್ದಕ್ಕೂ ಎಲೆಯಲ್ಲೇ ಇದ್ದವು. ಹಸಿರು ಸರಿದ ಮೇಲೆ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಬರ್ಚ್, ಹಿಕರಿ, ಟ್ಯೂಲಿಪ್ ಪಾಪ್ಲರ್ ಮರಗಳ ಹಳದಿ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಕೆಂಪಿನ ಕಥೆ ಬೇರೆ. ಅದು ಆಂಥೋಸಯನಿನ್, ಶರತ್ಕಾಲದಲ್ಲಿ ಎಲೆ ಹೊಸದಾಗಿ ತಯಾರಿಸುವ ಬಣ್ಣ. ಅದಕ್ಕೆ ಸಕ್ಕರೆ ಬೇಕು, ಬಿಸಿಲು ಬೇಕು. ಹಗಲು ಬಿಸಿಲು, ರಾತ್ರಿ ಚಳಿ, ಆದರೆ ಹಿಮಗಟ್ಟುವಷ್ಟು ಚಳಿ ಇರಬಾರದು: ಇಂಥ ಹತ್ತು ದಿನ ಸಿಕ್ಕರೆ ಕೆಂಪು ಉರಿಯುತ್ತದೆ. ಸಾರಜನಕ ಹಿಂತೆಗೆಯುವ ನಾಜೂಕಿನ ಹೊತ್ತಿನಲ್ಲಿ ಎಲೆಗೆ ಬಿಸಿಲಿನಿಂದ ರಕ್ಷಣೆ ಕೊಡಲು ಈ ಕೆಂಪು ಬರುತ್ತದೆ ಎನ್ನುವುದು ಹೆಚ್ಚು ಮನ್ನಣೆ ಪಡೆದ ವಿವರಣೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದ ನನಗೆ ಇಲ್ಲಿಗೆ ಬಂದ ಮೊದಲ ವರ್ಷ ಈ ಕೆಂಪು ತೀರ ಪರಿಚಿತವೆನಿಸಿತು. ನಮ್ಮಲ್ಲಿ ಅದು ಎಲೆಯ ಕೊನೆಯಲ್ಲಿ ಬರುವುದಿಲ್ಲ, ಆರಂಭದಲ್ಲಿ ಬರುತ್ತದೆ. ಮಾವಿನ ಚೆಂದಳಿರು, ನಾಗಸಂಪಿಗೆಯ ರಕ್ತಗೆಂಪು ಚಿಗುರು ನೆನಪಿಸಿಕೊಳ್ಳಿ. ಎರಡೂ ಕಡೆ ಅದೇ ಬಣ್ಣದ ವಸ್ತು. ಒಂದು ಕಡೆ ಎಳೆಯ ಎಲೆಯನ್ನು ಕಾಯುತ್ತದೆ, ಇನ್ನೊಂದು ಕಡೆ ಹಣ್ಣೆಲೆಯನ್ನು. ನಮ್ಮ ಸೊಪ್ಪಿನ ಬೆಟ್ಟದ ಮರಗಳು ಎಲೆ ಉದುರಿಸುವುದು ನೀರು ಸಾಲದೆ. ಇಲ್ಲಿನವು ಉದುರಿಸುವುದು ಬರಲಿರುವ ಚಳಿಗೆ.

ಮಗಳಿಗೆ ಇದನ್ನು ಕಣ್ಣಾರೆ ತೋರಿಸಬೇಕೆಂದರೆ ಸೆಪ್ಟೆಂಬರ್ ಕೊನೆಯಲ್ಲಿ ನಿಮ್ಮ ಮನೆಯ ಬಳಿಯ ರೆಡ್ ಮೇಪಲ್ ಮರದ ಬಿಸಿಲು ಬೀಳುವ ಎರಡು ಮೂರು ಎಲೆಗಳಿಗೆ ಕಪ್ಪು ಕಾಗದದ ಪಟ್ಟಿಯನ್ನು ಸಡಿಲವಾಗಿ ಸುತ್ತಿ ಕ್ಲಿಪ್ ಹಾಕಿ. ಎಲೆ ಕೆಂಪಾದ ಮೇಲೆ ಪಟ್ಟಿ ತೆಗೆದರೆ ಅದರಡಿ ಹಳದಿ ಉಳಿದಿರುತ್ತದೆ. ಬಿಸಿಲು ಬೀಳದ ಕಡೆ ಕೆಂಪು ತಯಾರಾಗಿರುವುದಿಲ್ಲ.

ಇನ್ನು ಮಳೆ. ಶರತ್ಕಾಲದಲ್ಲಿ ವಾರಗಟ್ಟಲೆ ಮೋಡ, ಜಿಟಿಜಿಟಿ ಮಳೆ ಇದ್ದರೆ ಕೆಂಪು ಮಂಕಾಗುತ್ತದೆ, ಹಳದಿಗೆ ಅಷ್ಟೇನೂ ಆಗುವುದಿಲ್ಲ. ಬೇಸಿಗೆಯಲ್ಲಿ ಕಡು ಬರಗಾಲ ಬಂದರೆ ಟ್ಯೂಲಿಪ್ ಪಾಪ್ಲರ್‌ನಂಥವು ಆಗಸ್ಟ್‌ನಲ್ಲೇ ಹಳದಿ ಎಲೆ ಚೆಲ್ಲುತ್ತವೆ. ಅದನ್ನು ಕಂಡು ‘ಈ ವರ್ಷ ಬೇಗ ಬಂತು’ ಎಂದು ಮೋಸಹೋಗಬಾರದು. ಬೇಸಿಗೆಯಲ್ಲಿ ಸಾಕಷ್ಟು ಮಳೆ, ಸೆಪ್ಟೆಂಬರ್ ನಂತರ ಒಣ ಹವೆ ಇದ್ದರೆ ಅತ್ಯುತ್ತಮ. ಬಣ್ಣ ತುಂಬಿದ ವಾರದಲ್ಲಿ ಬೀಳುವ ಬಿರುಮಳೆಗಿಂತ ಅದರ ಜೊತೆಗೆ ಬರುವ ಗಾಳಿಗೆ ನಾನು ಹೆಚ್ಚು ಹೆದರುತ್ತೇನೆ. ಒಂದು ರಾತ್ರಿಯ ಗಾಳಿ ಬೆಟ್ಟದ ಏಣನ್ನು ಬರಿದು ಮಾಡಬಲ್ಲದು.

ಎತ್ತರದ ಲೆಕ್ಕಕ್ಕೆ ಬರೋಣ. ನಿಮ್ಮ ಸಮಸ್ಯೆಯ ತಿರುಳು ಇಲ್ಲಿದೆ. ಬೆಟ್ಟ ಹತ್ತಿದಂತೆ ಪ್ರತಿ ಸಾವಿರ ಅಡಿಗೆ ಸರಾಸರಿ 2 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಹೆಚ್ಚುತ್ತದೆ. ಹಗಲಿನ ಉದ್ದ ಮೇಲೂ ಕೆಳಗೂ ಒಂದೇ, ಆದರೆ ಚಳಿ ಮೇಲೆ ಮೊದಲು ಬರುತ್ತದೆ. ಹಗಲಿನ ಉದ್ದ ಕೆಲಸ ಆರಂಭಿಸಲು ಹೇಳುತ್ತದೆ, ಚಳಿ ಅದರ ವೇಗವನ್ನು ನಿರ್ಧರಿಸುತ್ತದೆ. 1918ರಲ್ಲಿ ಆ್ಯಂಡ್ರ್ಯೂ ಹಾಪ್ಕಿನ್ಸ್ ಎಂಬ ಅಮೆರಿಕದ ಕೀಟವಿಜ್ಞಾನಿ ಒಂದು ಸೂತ್ರ ಕೊಟ್ಟ: ವಸಂತದ ಘಟನೆಗಳು 400 ಅಡಿ ಮೇಲೇರಿದರೆ ನಾಲ್ಕು ದಿನ ತಡವಾಗುತ್ತವೆ, ಉತ್ತರಕ್ಕೆ ಒಂದು ಅಕ್ಷಾಂಶ ಸರಿದರೂ ನಾಲ್ಕು ದಿನ ತಡ. ಶರತ್ಕಾಲಕ್ಕೆ ಇದನ್ನು ತಿರುಗಿಸಿ ಓದಬೇಕು. ಅಂದರೆ ಬಣ್ಣ ದಿನಕ್ಕೆ ಸುಮಾರು ನೂರು ಅಡಿಯಂತೆ ಬೆಟ್ಟ ಇಳಿಯುತ್ತದೆ.

3,333 ಅಡಿಯಲ್ಲಿರುವ ಬೂನ್ ಊರಿಗೂ ಆ್ಯಶ್‌ವಿಲ್‌ಗೂ ಎತ್ತರದಲ್ಲಿ ಸುಮಾರು 1,200 ಅಡಿ ಅಂತರ. ಸೂತ್ರದ ಪ್ರಕಾರ ಹನ್ನೆರಡು ದಿನ. ಬೂನ್‌ನಲ್ಲಿ ಅಕ್ಟೋಬರ್ ನಡುವೆ ಬಣ್ಣ ತುಂಬುತ್ತದೆ, ಆ್ಯಶ್‌ವಿಲ್‌ನಲ್ಲಿ ತಿಂಗಳ ಕೊನೆಗೆ. ಲೆಕ್ಕ ಚೆನ್ನಾಗಿಯೇ ಕೂಡುತ್ತದೆ. 4,500 ಅಡಿಯ ಮೇಲೆ ಮಾತ್ರ ಈ ಸೂತ್ರ ಸಡಿಲವಾಗುತ್ತದೆ, ಅಲ್ಲಿ ಬಣ್ಣ ಇನ್ನೂ ಬೇಗ ಬೇಗ ಇಳಿಯುತ್ತದೆ. ಮರಗಳ ಜಾತಿಯೇ ಅಲ್ಲಿ ಬೇರೆಯಾಗುವುದು ಒಂದು ಕಾರಣ. ಇದೇ ಸೂತ್ರದಿಂದ ಇನ್ನೊಂದು ಮಾತು ಹೊರಡುತ್ತದೆ, ನನಗೆ ಬಹಳ ಇಷ್ಟವಾದದ್ದು. ಬ್ಲೂ ರಿಡ್ಜ್ ಪಾರ್ಕ್‌ವೇ ರಸ್ತೆ ದಕ್ಷಿಣದ ಚೆರೊಕೀಯಿಂದ ವರ್ಜೀನಿಯಾದ ಶೆನಂಡೋವಾ ಅಂಚಿನವರೆಗೆ 469 ಮೈಲಿ ಉದ್ದ. ಈ ತುದಿಯಿಂದ ಆ ತುದಿಗೆ ಅಕ್ಷಾಂಶದಲ್ಲಿ ಎರಡೂವರೆ ಡಿಗ್ರಿ ವ್ಯತ್ಯಾಸ, ಅಂದರೆ ಹತ್ತು ದಿನ. ಅದೇ ಹತ್ತು ದಿನದ ಅಂತರ ಬೆಟ್ಟವನ್ನು ಕೇವಲ ಸಾವಿರ ಅಡಿ ಹತ್ತಿದರೆ ಸಿಗುತ್ತದೆ. 469 ಮೈಲಿ ಕಾರು ಓಡಿಸುವುದೂ ಅರ್ಧ ಗಂಟೆಯಲ್ಲಿ ಸಾವಿರ ಅಡಿ ಏರುವುದೂ ಎಲೆಯ ಲೆಕ್ಕದಲ್ಲಿ ಸಮ. ಬಣ್ಣ ತಪ್ಪಿತು ಎಂದು ಬೇರೆ ರಾಜ್ಯಕ್ಕೆ ಓಡುವವರಿಗೆ ನಾನು ಇದನ್ನೇ ಹೇಳುತ್ತೇನೆ: ಮೊದಲು ಕೆಳಗೆ ಇಳಿದು ನೋಡಿ, ಇಲ್ಲವೇ ಮೇಲೆ ಹತ್ತಿ ನೋಡಿ.

ಸಾಮಾನ್ಯ ವರ್ಷದ ಅಂದಾಜು ಹೀಗೆ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 5ರವರೆಗೆ 5,500 ಅಡಿಯ ಮೇಲೆ. ಅಲ್ಲಿಂದ 12ರವರೆಗೆ 4,500 ಅಡಿಯ ಆಚೀಚೆ. ಅಕ್ಟೋಬರ್ ನಡುವಿನ ವಾರ 3,500ರಿಂದ 4,500 ಅಡಿ. 18ರಿಂದ 26ರವರೆಗೆ 2,500ರಿಂದ 3,500 ಅಡಿ. ತಿಂಗಳ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಅದಕ್ಕೂ ಕೆಳಗೆ. ವರ್ಷದ ಹವೆಗೆ ತಕ್ಕಂತೆ ಇಡೀ ಸಾಲು ನಾಲ್ಕೈದು ದಿನ ಹಿಂದೆ ಮುಂದೆ ಜರುಗಬಹುದು. ನಿಮ್ಮ ರಾಲಿಯ ಬೀದಿಯ ಮರಗಳಿಗೆ ಸರದಿ ಬರುವುದು ನವೆಂಬರ್‌ನಲ್ಲಿ. ಅವನ್ನು ನೋಡಿ ಬೆಟ್ಟಕ್ಕೆ ಹೊರಡುವ ದಿನ ಗೊತ್ತುಮಾಡಿದರೆ ಬೆಟ್ಟದಲ್ಲಿ ಎಲ್ಲ ಮುಗಿದಿರುತ್ತದೆ.

ಈ ಇಳಿತ ನೇರ ಗೆರೆಯಲ್ಲಿ ನಡೆಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ತಿಳಿಯಾದ, ಗಾಳಿಯಿಲ್ಲದ ರಾತ್ರಿ ಚಳಿಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಆಗ ತಳಕ್ಕಿಂತ ಬೆಟ್ಟದ ನಡುಭಾಗವೇ ಬೆಚ್ಚಗಿರುತ್ತದೆ. 19ನೇ ಶತಮಾನದಲ್ಲಿ ಮೇಕನ್ ಕೌಂಟಿಯ (ಕೌಂಟಿ ಎಂದರೆ ಇಲ್ಲಿನ ಜಿಲ್ಲೆ) ಸೈಲಸ್ ಮೆಕ್‌ಡೊವೆಲ್ ಎಂಬ ಸೇಬಿನ ಬೆಳೆಗಾರ ಈ ಬೆಚ್ಚನೆಯ ಪಟ್ಟಿಯನ್ನು ಗುರುತಿಸಿ ಬರೆದಿಟ್ಟಿದ್ದಾನೆ. ಕಣಿವೆಯ ಬೆಳೆ ಹಿಮಕ್ಕೆ ಸುಟ್ಟುಹೋದಾಗಲೂ ಇಳಿಜಾರಿನ ನಡುವಿನ ಒಂದು ಪಟ್ಟಿ ಹಸಿರಾಗಿ ಉಳಿಯುವುದನ್ನು ಅವನು ಕಂಡಿದ್ದ. ನಿಂತು ನೋಡಿ ಕಂಡುಕೊಂಡದ್ದು ಇದು. ಹೊಳೆಯ ಪಕ್ಕದ ಮರ ಕೆಂಪಾಗಿ, ಅದರ ಮೇಲಿನ ಇಳಿಜಾರು ಹಸಿರಾಗಿ, ಮತ್ತೆ ಅದರ ಮೇಲೆ ಬಣ್ಣ ಕಾಣಿಸಿದರೆ ನಿಮ್ಮ ಮಗಳಿಗೆ ಈ ರೈತನ ಕಥೆ ಹೇಳಿ.

ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಎನ್ನುವುದೂ ಮುಖ್ಯ. ಉತ್ತರದ ತಂಪು ಕೊಳ್ಳಗಳಲ್ಲಿ ಶುಗರ್ ಮೇಪಲ್, ಟ್ಯೂಲಿಪ್ ಪಾಪ್ಲರ್ ಹೆಚ್ಚು, ಅಲ್ಲಿ ಬಣ್ಣ ಬೇಗ. ದಕ್ಷಿಣದ ಒಣ ಮಗ್ಗುಲಲ್ಲಿ ಓಕ್ ಹೆಚ್ಚು, ಅಲ್ಲಿ ತಡ.

ಮರಗಳ ಸರದಿಯನ್ನು ಕಲಿತರೆ ನಿಮಗೆ ನಕ್ಷೆಯೇ ಬೇಡ. ಎಲ್ಲಕ್ಕಿಂತ ಮೊದಲು ಕೆಂಪಾಗುವುದು ಮರಕ್ಕೆ ಹಬ್ಬಿದ ವರ್ಜೀನಿಯಾ ಕ್ರೀಪರ್ ಬಳ್ಳಿ ಮತ್ತು ರಸ್ತೆ ಬದಿಯ ಸುಮಾಕ್ ಪೊದೆ. ದೂರದಿಂದ ನೋಡಿದವರು ಮರವೇ ಕೆಂಪಾಗಿದೆ ಎಂದುಕೊಳ್ಳುತ್ತಾರೆ. ಆಮೇಲೆ ಬ್ಲ್ಯಾಕ್ ಗಮ್, ಸೋರ್‌ವುಡ್, ಡಾಗ್‌ವುಡ್ ಕಡುಗೆಂಪಾಗುತ್ತವೆ. ಈ ಮೂರು ಕೆಂಪಾಗಿ ಸುತ್ತ ಉಳಿದದ್ದು ಹಸಿರಾಗಿದ್ದರೆ ಆ ಎತ್ತರದಲ್ಲಿ ಪೂರ್ಣ ಬಣ್ಣಕ್ಕೆ ಇನ್ನೂ ಹತ್ತು ಹದಿನೈದು ದಿನ ಇದೆ ಎಂದು ತಿಳಿಯಿರಿ. ನಂತರ ಬರ್ಚ್ ಮತ್ತು ರೆಡ್ ಮೇಪಲ್, ಹಿಂದೆಯೇ ಶುಗರ್ ಮೇಪಲ್‌ನ ಕಿತ್ತಳೆ, ಹಿಕರಿಯ ಹೊಂಬಣ್ಣ. ಬೆಟ್ಟ ತುಂಬಿ ಕಾಣುವುದು ಆಗ. ಕೊನೆಯ ಸರದಿ ಓಕ್‌ಗಳದು, ಇಟ್ಟಿಗೆಯ ಬಣ್ಣ, ಕಂದು. ಓಕ್ ಮಾತ್ರ ಉಳಿದಿದೆ ಎಂದರೆ ನೀವು ಐದುನೂರು ಅಡಿಯಾದರೂ ಕೆಳಗೆ ಇಳಿಯಬೇಕು. ತುತ್ತತುದಿಯಲ್ಲಿ ಮತ್ತೊಂದು ಲೋಕ. ಅಲ್ಲಿ ಕಪ್ಪುಹಸಿರಿನ ಸ್ಪ್ರೂಸ್ ಮತ್ತು ಫರ್ ಮರಗಳ ನಡುವೆ ಬರ್ಚ್‌ನ ಹಳದಿ, ಮೌಂಟನ್ ಆ್ಯಶ್‌ನ ಕೆಂಪು ಹಣ್ಣಿನ ಗೊಂಚಲು. ಕೆಳಗಿನ ಬೆಂಕಿಬಣ್ಣವನ್ನು ನಿರೀಕ್ಷಿಸಿ ಹೋದವರಿಗೆ ಅದು ಸಪ್ಪೆ ಎನಿಸಬಹುದು. ನನ್ನ ಕಣ್ಣಿಗೆ ಇಡೀ ಬೆಟ್ಟಸಾಲಿನಲ್ಲಿ ಅದೇ ಅತಿ ಚೆಲುವಾದ ಜಾಗ.

ಪಾರ್ಕ್‌ವೇಯ ಮೈಲಿಗಲ್ಲು 418.8ರ ಬಳಿಯ ಗ್ರೇವ್‌ಯಾರ್ಡ್ ಫೀಲ್ಡ್ಸ್ ಎಂಬ ಎತ್ತರದ ಬಯಲನ್ನು ಇಲ್ಲಿ ಪ್ರತ್ಯೇಕವಾಗಿ ಹೆಸರಿಸುತ್ತೇನೆ. 5,100 ಅಡಿ. 1925ರಲ್ಲಿ, ಮತ್ತೆ 1942ರಲ್ಲಿ ಬೆಂಕಿ ಬಿದ್ದು ಅಲ್ಲಿನ ದೊಡ್ಡ ಕಾಡು ಹೋಯಿತು. ಬ್ಲೂಬೆರಿ ಪೊದೆಗಳು ತುಂಬಿಕೊಂಡವು. ಸೆಪ್ಟೆಂಬರ್ ಕೊನೆಗೆ ಆ ಪೊದೆಗಳು ನೆಲಕ್ಕೆ ಕೆಂಪು ಹಚ್ಚುತ್ತವೆ. ದಸರಾ ಬೇಗ ಬಂದ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಂದಹಾಗೆ, ಇಂದು ನಾವು ನೋಡುವ ಬೆಟ್ಟದ ಬಣ್ಣ ನೂರು ವರ್ಷದ ಹಿಂದಿನದಲ್ಲ. ಆಗ ಈ ಇಳಿಜಾರುಗಳ ತುಂಬ ಅಮೆರಿಕನ್ ಚೆಸ್ಟ್‌ನಟ್ ಇತ್ತು. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ಗುರುತಿಸಿದ ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ಆ ದೊಡ್ಡ ಮರಗಳನ್ನೆಲ್ಲ ಕೊಂದಿತು. ಚೆಸ್ಟ್‌ನಟ್‌ನ ಹಳದಿ ಇದ್ದ ಜಾಗದಲ್ಲಿ ಈಗ ಓಕ್ ಮತ್ತು ಮೇಪಲ್ ನಿಂತಿವೆ. ಹಳೆಯ ಬೇರುಗಳಿಂದ ಚೆಸ್ಟ್‌ನಟ್ ಇಂದಿಗೂ ಚಿಗುರುತ್ತದೆ, ಆಳೆತ್ತರ ಬೆಳೆದು ಮತ್ತೆ ಒಣಗುತ್ತದೆ. ಕಾಲುದಾರಿಯಲ್ಲಿ ಗರಗಸದ ಹಲ್ಲಿನಂಥ ಅಂಚಿನ ಉದ್ದ ಎಲೆ ಕಂಡರೆ ಒಂದು ಕ್ಷಣ ನಿಂತು ನೋಡಿ.

ನಿಮ್ಮ ಮೊಬೈಲ್ ನಕ್ಷೆ ಏಕೆ ಕೈಕೊಟ್ಟಿತು? ಅಂಥ ನಕ್ಷೆಗಳು ಹೆಚ್ಚಾಗಿ ಕೌಂಟಿಗೆ ಒಂದರಂತೆ ಬಣ್ಣ ಬಳಿಯುತ್ತವೆ. ಆ್ಯಶ್‌ವಿಲ್ ಇರುವ ಬಂಕಂಬ್ ಕೌಂಟಿ ನದಿ ದಡದ 2,000 ಅಡಿಯಿಂದ 6,000 ಅಡಿ ದಾಟುವ ಶಿಖರಗಳವರೆಗೆ ಹರಡಿದೆ. ಅಷ್ಟಕ್ಕೂ ಒಂದೇ ಬಣ್ಣ ಬಳಿದರೆ ಅದು ಎಲ್ಲೋ ಒಂದು ಪಟ್ಟಿಗೆ ನಿಜ, ಉಳಿದದ್ದಕ್ಕೆ ಸುಳ್ಳು. ಉಪಗ್ರಹ ಚಿತ್ರಗಳು ಇದಕ್ಕಿಂತ ಎಷ್ಟೋ ಮೇಲು. ಯುರೋಪಿನ ಸೆಂಟಿನೆಲ್-2 ಜೋಡಿ ಉಪಗ್ರಹಗಳು ಐದು ದಿನಕ್ಕೊಮ್ಮೆ 10 ಮೀಟರ್ ಸೂಕ್ಷ್ಮತೆಯಲ್ಲಿ ಅದೇ ಜಾಗವನ್ನು ನೋಡುತ್ತವೆ, ಚಿತ್ರಗಳು ಉಚಿತವಾಗಿ ಸಿಗುತ್ತವೆ. ಆದರೆ ಮೋಡ ಕವಿದ ದಿನ ಅವೂ ಕುರುಡು. ಅಲ್ಲದೆ ಉಪಗ್ರಹದ ಸೂಚ್ಯಂಕ ಅಳೆಯುವುದು ಹಸಿರು ಎಷ್ಟು ಕಡಿಮೆಯಾಯಿತು ಎನ್ನುವುದನ್ನು. ಕೆಂಪಾಗಿ ಕಡಿಮೆಯಾಯಿತೋ ಕಂದಾಗಿ ಉದುರಿತೋ ಎನ್ನುವುದನ್ನು ಆ ಒಂದು ಸಂಖ್ಯೆ ಹೇಳುವುದಿಲ್ಲ. ಮನುಷ್ಯರ ವರದಿಗೆ ಬೆಲೆ ಇರುವುದು ಅದಕ್ಕೇ. ಬೂನ್‌ನ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಹೌವರ್ಡ್ ನ್ಯೂಫೆಲ್ಡ್ ಶರತ್ಕಾಲದಲ್ಲಿ ವಾರವಾರ ಬರೆಯುತ್ತ ಬಂದಿರುವ ವರದಿಗಳನ್ನು ಓದಿ. ಯಾವ ಎತ್ತರ, ಯಾವ ಮರ ಎಂದು ಹೇಳುವ ವರದಿಯನ್ನು ನಂಬಿ, ಬರೀ ಶೇಕಡಾ ಹೇಳುವುದನ್ನು ಬಿಡಿ.

ಮಗಳ ಪ್ರಶ್ನೆಗೆ ಉತ್ತರ ಹೌದು, ಖಂಡಿತ ಸಾಧ್ಯ. ವಾರವಾರ ಬೆಟ್ಟಕ್ಕೆ ಹೋಗಲು ನಿಮಗೆ ಆಗದು, ಹಾಗಾಗಿ ಕೆಲಸವನ್ನು ಎರಡಾಗಿ ಮಾಡಿಕೊಳ್ಳಿ. ಮನೆಯಲ್ಲಿ ಕುಳಿತು ಬೆಟ್ಟದ ಕ್ಯಾಮೆರಾಗಳನ್ನು ನೋಡುವುದು ಒಂದು. 2008ರಲ್ಲಿ ಶುರುವಾದ ಫೀನೋಕ್ಯಾಮ್ ಎಂಬ ಜಾಲದ ಕ್ಯಾಮೆರಾಗಳು ಕಾಡಿನ ನೆತ್ತಿಯನ್ನು ಹಗಲಿಡೀ ಅರ್ಧ ಗಂಟೆಗೊಮ್ಮೆ ಚಿತ್ರಿಸುತ್ತವೆ, ಹಳೆಯ ವರ್ಷಗಳ ಚಿತ್ರಗಳೂ ಅಲ್ಲಿ ಇವೆ. ಮೇಕನ್ ಕೌಂಟಿಯ ಕೋವೀಟಾ ಸಂಶೋಧನಾ ಕಾಡು, 1934ರಿಂದ ನಡೆಯುತ್ತಿರುವ ಜಲವಿಜ್ಞಾನ ಪ್ರಯೋಗಾಲಯದ ಜಾಗ, ಅದರಲ್ಲಿ ಸೇರಿದೆ. ಇದರ ಜೊತೆಗೆ ಬೇರೆ ಬೇರೆ ಎತ್ತರದ ಎರಡು ಪ್ರವಾಸಿ ಕ್ಯಾಮೆರಾಗಳನ್ನು ಆರಿಸಿಕೊಳ್ಳಲಿ. ಪ್ರತಿ ಶನಿವಾರ ಒಂದೇ ಹೊತ್ತಿಗೆ ಚಿತ್ರ ಉಳಿಸಿಕೊಳ್ಳಲಿ, ಎತ್ತರ ಬರೆದಿಡಲಿ.

ಎರಡನೆಯದು ಮನೆಯ ಹತ್ತಿರದ ಐದು ಮರ. ಅದೇ ಐದು ಮರ, ವರ್ಷ ವರ್ಷವೂ ಅವೇ. ಪ್ರತಿ ಮರಕ್ಕೂ ಎರಡು ಸಂಖ್ಯೆ ಬೇಕು: ಕೊಂಬೆಯ ಮೇಲಿರುವ ಎಲೆಗಳಲ್ಲಿ ಎಷ್ಟು ಪಾಲು ಬಣ್ಣಗೊಂಡಿದೆ, ಒಟ್ಟು ಎಲೆಗಳಲ್ಲಿ ಎಷ್ಟು ಪಾಲು ಉದುರಿದೆ. ಈ ಎರಡನ್ನು ಕೂಡಿಸಿ ಒಂದೇ ಸಂಖ್ಯೆ ಬರೆಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ಆಮೇಲೆ ಅದನ್ನು ಬಿಡಿಸಲು ಬರುವುದಿಲ್ಲ. ಶೇಕಡಾ 37 ಎಂದೆಲ್ಲ ಬರೆಯುವ ಗೋಜು ಬೇಡ. ಅಮೆರಿಕದ ರಾಷ್ಟ್ರೀಯ ಋತುವೀಕ್ಷಣಾ ಜಾಲ ಸ್ವಯಂಸೇವಕರಿಗೆ ಕೊಡುವ ಮೆಟ್ಟಿಲುಗಳು ಸಾಕು: 5ಕ್ಕಿಂತ ಕಡಿಮೆ, 5ರಿಂದ 24, 25ರಿಂದ 49, 50ರಿಂದ 74, 75ರಿಂದ 94, 95 ಅಥವಾ ಅದಕ್ಕಿಂತ ಹೆಚ್ಚು. ಬೇಕಿದ್ದರೆ ಆ ಜಾಲಕ್ಕೇ ನಿಮ್ಮ ಮಗಳ ಟಿಪ್ಪಣಿಗಳನ್ನು ಸೇರಿಸಬಹುದು. ಸಂಶೋಧಕರು ಅವನ್ನು ನಿಜವಾಗಿಯೂ ಬಳಸುತ್ತಾರೆ. ಏಳನೇ ತರಗತಿಯ ಹುಡುಗಿಯ ಬರಹ ವಿಜ್ಞಾನದ ಕಡತ ಸೇರುವುದು ಸಣ್ಣ ಸಂತೋಷವಲ್ಲ.

ಅವಳಿಗೆ ಗಣಿತ ಇಷ್ಟವಾದರೆ ಕ್ಯಾಮೆರಾದ ಚಿತ್ರದಿಂದಲೇ ಸಂಖ್ಯೆ ತೆಗೆಯಬಹುದು. ಚಿತ್ರದ ಪ್ರತಿ ಬಿಂದುವಿನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿವೆ. ಮರಗಳ ನೆತ್ತಿಯ ಮೇಲೆ ಒಂದು ಚೌಕ ಗುರುತಿಸಿ, ಅಲ್ಲಿನ ಹಸಿರಿನ ಸರಾಸರಿಯನ್ನು ಮೂರೂ ಬಣ್ಣಗಳ ಮೊತ್ತದಿಂದ ಭಾಗಿಸಬೇಕು. ಬೇಸಿಗೆಯ ಕಾಡಿನಲ್ಲಿ ಉತ್ತರ 0.40ರ ಆಸುಪಾಸು ಇರುತ್ತದೆ, ಬೋಳಾದ ಬೂದು ಕಾಡಿನಲ್ಲಿ 0.33ರ ಹತ್ತಿರ. ಕೆಂಪಿಗೂ ಹೀಗೆಯೇ ಲೆಕ್ಕ ಹಾಕಿದರೆ ಅದು ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಆ ತುದಿಯೇ ಆ ಎತ್ತರದ ಪೂರ್ಣ ಬಣ್ಣದ ದಿನ. ಒಂದು ಎಚ್ಚರಿಕೆ. ನಾನು ಮೊದಲ ವರ್ಷ ಕೈಕ್ಯಾಮೆರಾದಿಂದ ತೆಗೆದ ಚಿತ್ರಗಳಲ್ಲಿ ಬಣ್ಣದ ಹೊಂದಾಣಿಕೆಯನ್ನು ಯಂತ್ರಕ್ಕೇ ಬಿಟ್ಟಿದ್ದೆ, ಗಂಟೆಯನ್ನೂ ಲೆಕ್ಕಿಸಿರಲಿಲ್ಲ. ಗ್ರಾಫ್‌ನಲ್ಲಿ ಬಂದ ದೊಡ್ಡ ಏರಿಕೆ ಒಂದು ಸಂಜೆಯ ಕೆಂಪು ಬೆಳಕು ಮಾತ್ರವಾಗಿತ್ತು. ಇಡೀ ಋತುವಿನ ಕೆಲಸ ಕೈಬಿಡಬೇಕಾಯಿತು. ನೀವು ತೆಗೆಯುವ ಚಿತ್ರಗಳಿಗೆ ಮಧ್ಯಾಹ್ನದ ಒಂದೇ ಹೊತ್ತು, ಒಂದೇ ನಿಲುವು, ಚೌಕಟ್ಟಿನೊಳಗೆ ಬದಲಾಗದ ಒಂದು ಬೂದು ಬಂಡೆಯೋ ಗೋಡೆಯೋ ಇರಲಿ. ಬಂಡೆಯ ಬಣ್ಣ ಬದಲಾಗಿ ಕಂಡ ದಿನದ ಚಿತ್ರವನ್ನು ಬಿಟ್ಟುಬಿಡಿ.

ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಕೇಳಿದ್ದೀರಿ. ನಿಮ್ಮ ಎರಡು ಪ್ರವಾಸಗಳ ನಿರಾಸೆಯನ್ನು ಅದರ ತಲೆಗೆ ಕಟ್ಟುವುದು ಸರಿಯಲ್ಲ, ಅಲ್ಲಿ ಎತ್ತರದ ಲೆಕ್ಕವೇ ಸಾಕು. ಆದರೆ ದೊಡ್ಡ ಚಿತ್ರದಲ್ಲಿ ಅದರ ಪಾತ್ರ ಇದೆ. ಸೆಪ್ಟೆಂಬರ್ ಅಕ್ಟೋಬರ್‌ಗಳ ರಾತ್ರಿಗಳು ಬೆಚ್ಚಗಾದರೆ ಬಣ್ಣ ತಡವಾಗುತ್ತದೆ, ಕೆಂಪು ತೆಳುವಾಗುತ್ತದೆ. ಇನ್ನೊಂದು ಕಡೆ, 2020ರಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನ ಸಂಶೋಧಕರು ಮಧ್ಯ ಯುರೋಪಿನ ಮರಗಳ ದಶಕಗಳ ದಾಖಲೆ ಪರಿಶೀಲಿಸಿ, ವಸಂತ ಮತ್ತು ಬೇಸಿಗೆಯಲ್ಲಿ ಹೆಚ್ಚು ದುಡಿದ ಮರ ಬೇಗ ಎಲೆ ಹಣ್ಣಾಗಿಸುತ್ತದೆ ಎಂದು ತೋರಿಸಿದರು. ಎರಡು ಕೈಗಳು ಎರಡು ಕಡೆಗೆ ಎಳೆಯುತ್ತಿವೆ. ಯಾವುದು ಎಲ್ಲಿ ಗೆಲ್ಲುತ್ತದೆ ಎನ್ನುವುದನ್ನು ತಿಳಿಯಲು ಬೇಕಾದದ್ದು ಅದೇ ಮರ, ಅದೇ ಜಾಗ, ಇಪ್ಪತ್ತು ಮೂವತ್ತು ವರ್ಷದ ಟಿಪ್ಪಣಿ. ಇಂಥ ಟಿಪ್ಪಣಿ ಜಗತ್ತಿನಲ್ಲಿ ತೀರ ಕಡಿಮೆ ಕಡೆ ಇದೆ. ಮಗಳ ಪುಸ್ತಕವನ್ನು ಶಾಲೆಯ ಕೆಲಸ ಮುಗಿದ ಮೇಲೂ ಮುಚ್ಚಬೇಡಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕಾಗಿ.

ರಸ್ತೆಯ ಬಗ್ಗೆ ಎರಡು ಮಾತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಇಲ್ಲಿ ಭೂಕುಸಿತ ತಂದು ಪಾರ್ಕ್‌ವೇಯನ್ನು ಮುರಿದುಹಾಕಿತು. ಆಮೇಲೆ ಅದನ್ನು ತುಂಡು ತುಂಡಾಗಿ ತೆರೆಯುತ್ತ ಬಂದಿದ್ದಾರೆ. ಹೊರಡುವ ದಿನ ಬೆಳಿಗ್ಗೆ ಯಾವ ಮೈಲಿಗಲ್ಲಿನಿಂದ ಯಾವುದರವರೆಗೆ ತೆರೆದಿದೆ ಎಂದು ರಾಷ್ಟ್ರೀಯ ಉದ್ಯಾನ ಇಲಾಖೆಯ ಮಾಹಿತಿ ನೋಡಿ. ಆ ರಸ್ತೆಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಕೆಳಗೇ ತುಂಬಿಸಿಕೊಳ್ಳಿ. ವೇಗದ ಮಿತಿ 45 ಮೈಲಿ, ಮಂಜಿದ್ದರೆ ಅದೂ ಹೆಚ್ಚಾಯಿತು.

2026ರಲ್ಲಿ ಅಧಿಕ ಮಾಸ ಬರುವುದರಿಂದ ವಿಜಯದಶಮಿ ಮತ್ತೆ ಅಕ್ಟೋಬರ್ ಮೂರನೇ ವಾರಕ್ಕೆ ಸರಿಯುತ್ತದೆ. ಆ ವಾರಾಂತ್ಯಕ್ಕೆ ನಾನಾದರೆ ಹೀಗೆ ಮಾಡುತ್ತೇನೆ. ಬೆಳಿಗ್ಗೆ ಮೊದಲು ಮೈಲಿಗಲ್ಲು 355ರ ಬಳಿ, ಮೌಂಟ್ ಮಿಚೆಲ್ ಕವಲಿಗೆ ಹೋಗಿ. ಅಲ್ಲಿ ಬೋಳು ಮರಗಳನ್ನೇ ನಿರೀಕ್ಷಿಸಿ. ಈ ಸಲ ಅದು ನಿರಾಸೆ ಆಗಬೇಕಿಲ್ಲ, ಕೆಳಗಿನ ಕಣಿವೆಗಳಲ್ಲಿ ಬಣ್ಣದ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎನ್ನುವುದು ಅಲ್ಲಿಂದಲೇ ಕಾಣುತ್ತದೆ. ನಂತರ ಕ್ರ್ಯಾಗಿ ದಾಟಿ ಆ್ಯಶ್‌ವಿಲ್ ಕಡೆಗೆ 382ರವರೆಗೆ ನಿಧಾನವಾಗಿ ಇಳಿಯಿರಿ. ಈ 27 ಮೈಲಿಯಲ್ಲಿ ಸುಮಾರು ಮೂರು ಸಾವಿರ ಅಡಿ ಇಳಿಯುತ್ತೀರಿ, ಅಂದರೆ ಸೂತ್ರದ ಲೆಕ್ಕದಲ್ಲಿ ಒಂದು ತಿಂಗಳು. ಕಾರಿನಲ್ಲಿ ಮಗಳು ಮುಂದಿನ ಸೀಟಿನ ಹಿಂದೆ ಕುಳಿತು ಮೊಬೈಲ್‌ನಲ್ಲಿ ಎತ್ತರ ನೋಡುತ್ತಿರಲಿ. ಪ್ರತಿ ಐದುನೂರು ಅಡಿಗೆ ಹತ್ತಿರದ ನಿಲುಗಡೆಯಲ್ಲಿ ಇಳಿದು, ಮೈಲಿಗಲ್ಲು, ಎತ್ತರ, ಇಳಿಜಾರಿನ ಮುಖ, ಬಣ್ಣಗೊಂಡ ಮೂರು ಮರಗಳ ಹೆಸರು ಬರೆದುಕೊಳ್ಳಲಿ. ಹೆಸರು ತಿಳಿಯದಿದ್ದರೆ ನೆಲಕ್ಕೆ ಬಿದ್ದ ಒಂದು ಎಲೆಯನ್ನು ಪುಸ್ತಕದ ಅದೇ ಪುಟದಲ್ಲಿ ಒತ್ತಿಡಲಿ, ಮನೆಗೆ ಬಂದ ಮೇಲೆ ನೋಡಿ ಗುರುತಿಸಬಹುದು. ಆ ಪುಟಗಳ ಚಿತ್ರ ಕಳುಹಿಸಿದರೆ ಮರಗಳ ಹೆಸರು ಹೇಳಲು ನಾನು ಸಂತೋಷದಿಂದ ಕಾಯುತ್ತಿರುತ್ತೇನೆ.